ಆಕಾಶಕ್ಕೆ ಮುಚ್ಚಿದ ಬೋಗುಣಿ

ಪಕ್ಕದ ಮನೆಯ ರಿಪೇರಿ ಭಾಯಿಯ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವುದೋ ಮಿಕ್ಸರಿನ ಮೋಟಾರು ತಿಂದಿತ್ತಂತೆ. ಆ ಸೇಡನ್ನು ಊರಿನ ಎಲ್ಲ ಯಂತ್ರಗಳ ಮೇಲೂ ತೀರಿಸಿಕೊಳ್ಳುತ್ತಿದ್ದರು. ರೇಡಿಯೋ ಇರಲಿ, ಟೀವಿ ಇರಲಿ, ಬಿಚ್ಚುವ ಮೊದಲು ಎರಡೇಟು ಹಾಕಿ ಅದರ ವಂಶವನ್ನೆಲ್ಲ ಬೈಯುತ್ತಿದ್ದರು. "ಮಿಷಿನ್ನಿಗೆ ಹೊಡದ್ರ ಬರೇ ಕೈ ನೋಯ್ತೈತ್ರಿ ಅಕ್ಕಾರ. ಮನಷ್ಯಾಗ ಹೊಡದ್ರ ನಿದ್ದಿ ಹೋಗ್ತೈತಿ," ಎನ್ನುತ್ತಿದ್ದರು.

ಗಂಗಾವತಿ ಕಡೆಯ ನಮ್ಮ ಊರಿಗೆ ಕಾಲುವೆ ನೀರು ಪಾಳಿಯ ಮೇಲೆ ಬರುತ್ತದೆ. ಮೊಬೈಲಿನ ಗಂಟೆ ತಿದ್ದಿ ನೀರು ಕದಿಯುವವರು ಹೆಚ್ಚಾದಾಗ, ಭಾಯಿ ಮನೆಯ ಸೈರನ್ ಕೂಗಿದರೆ ಮಾತ್ರ ಪಾಳಿ ಬದಲು ಎಂದು ರೈತರು ಕಟ್ಟು ಮಾಡಿಕೊಂಡರು. ಸೈರನ್ ಕೂಗಿಸುತ್ತಿದ್ದುದು ಅವರ ಮನೆಯ ಕಂಪ್ಯೂಟರ್. ನೆಟ್ ನಂಬುವಂತಿಲ್ಲವೆಂದು ಮಾಳಿಗೆಯ ಮೇಲೊಂದು ಪುಟ್ಟ ಆಂಟೆನಾ ಇಟ್ಟಿದ್ದರು. ಅದು ಉಪಗ್ರಹಗಳಿಂದ ಸಮಯ ಹಿಡಿದು ಕಂಪ್ಯೂಟರಿಗೆ ಹೇಳುತ್ತಿತ್ತು.

ಅವರ ಮಾಳಿಗೆಗೂ ನಮ್ಮದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ಒಂದು ದಿನ ಸಂಡಿಗೆ ಹಾಕಲು ಹತ್ತಿದಾಗ ಮಂಗವೊಂದು ಆ ಆಂಟೆನಾವನ್ನು ಹಿಡಿದೆಳೆಯುತ್ತಿತ್ತು. ಅದನ್ನು ಓಡಿಸಿ, ಭಾರಿ ಉಪಕಾರ ಮಾಡಿದ ಜಂಬದಲ್ಲಿ ನನ್ನ ಸ್ಟೀಲ್ ಬೋಗುಣಿಯನ್ನು ಆಂಟೆನಾದ ಮೇಲೆ ಬೋರಲು ಹಾಕಿ ಕಲ್ಲಿಟ್ಟೆ. ಭಾಯಿಗೆ ಹೇಳಲು ಮರೆತೆ.

ಮರುದಿನ ಬೆಳಿಗ್ಗೆ ಕರೆಂಟ್ ಅರ್ಧ ತಾಸು ಹೋಗಿ ಬಂತು. ಗಡಿಯಾರದ ಸೆಲ್ ಇಲ್ಲದ ಆ ಕಂಪ್ಯೂಟರ್ ತಾನು ನಿಂತ ಗಳಿಗೆಯಿಂದಲೇ ಮತ್ತೆ ಎಣಿಸತೊಡಗಿತು. ತಿದ್ದಬೇಕಾದ ಆಂಟೆನಾ ಬೋಗುಣಿಯೊಳಗೆ ಕುರುಡಾಗಿತ್ತು. ಹೊತ್ತಾಯಿತೆಂದು ಕೆಳಗಿನ ಹೊಲದವನು ತೂಬು ಎತ್ತಲು ಹೋದ. ಸೈರನ್ ಆಗಿಲ್ಲವೆಂದು ಮೇಲಿನ ಹೊಲದವನು ಸಲಿಕೆಯಿಂದ ಅವನ ತಲೆಗೆ ಬಿಟ್ಟ. ಕಿವಿ ಹರಿದು ಜೋತಾಡುತ್ತಿತ್ತಂತೆ.

ಅವನನ್ನು ದವಾಖಾನೆಗೆ ಕಳಿಸಿ, ಅವನ ತಮ್ಮ ಬಡಿಗೆ ಹಿಡಿದ ಮಂದಿಯೊಂದಿಗೆ ಭಾಯಿಯ ಬಾಗಿಲಿಗೆ ಬಂದ. ಒಳಗೆ ಭಾಯಿ ವೈರು ಬದಲಿಸುತ್ತ, ಕಂಪ್ಯೂಟರಿಗೆ ಗುದ್ದುತ್ತ, ಒಂದೂ ಉಪಗ್ರಹ ಸಿಗುತ್ತಿಲ್ಲವೆಂದು ಕೂಗಾಡುತ್ತಿದ್ದುದು ನಮ್ಮ ಅಡುಗೆಮನೆಗೆ ಕೇಳಿಸಿತು. ಆಗ ಬೋಗುಣಿ ನೆನಪಾಯಿತು. ನಾನು ಮಾಳಿಗೆ ಹತ್ತುವಷ್ಟರಲ್ಲಿ ಭಾಯಿಯೂ ಹತ್ತಿದ್ದರು. ಬೋಗುಣಿಯನ್ನು ನೋಡಿದರು, ನನ್ನನ್ನು ನೋಡಿದರು. ಅದನ್ನೆತ್ತಿ ನನ್ನ ಕೈಗಿಟ್ಟರು.

"ಇದನ್ನ ಸಂಡಿಗಿ ಮ್ಯಾಲ ಮುಚ್ಚ್ರಿ ಅಕ್ಕಾರ, ಆಕಾಶದ ಮ್ಯಾಲ ಬ್ಯಾಡ."

ಕೆಳಗಿಳಿದು, ಬಾಗಿಲಲ್ಲಿ ನಿಂತು, ಆ ಮಂದಿಗೆ ಹೇಳಿದರು: "ತಪ್ಪು ನಂದೈತಿ. ಆಂಟೆನಾ ಮುಚ್ಚಿದಾಂವ ನಾನ."

ಆ ತಮ್ಮ ಬಡಿಗೆ ಬೀಸಿದ. ಭಾಯಿಯ ಮುಂಗೈ ಮುರಿದ ಸದ್ದು ಮಾಳಿಗೆಗೆ ಕೇಳಿಸಿತು. ಮತ್ತೆ ಭುಜಕ್ಕೆ, ಬೆನ್ನಿಗೆ. ಊರಿಗೆಲ್ಲ ಬಾಯಿ ಮಾಡುವ ನಾನು ಬೋಗುಣಿಯನ್ನು ಎದೆಗವಚಿ ತುಟಿ ಬಿಚ್ಚದೆ ನಿಂತಿದ್ದೆ. ಅಷ್ಟರಲ್ಲಿ ಉಪಗ್ರಹ ಸಿಕ್ಕು, ಗಂಟೆ ಸರಿಹೋಗಿ, ತಪ್ಪಿದ್ದ ಪಾಳಿಯ ಸೈರನ್ ಕೂಗಿತು. ಅಭ್ಯಾಸಬಲದಿಂದ ಅರ್ಧ ಮಂದಿ ತೂಬಿನ ಕಡೆ ಓಡಿದರು. ಹಾಗಾಗಿ ಭಾಯಿ ಉಳಿದರು.

ಕೈ ಸೊಟ್ಟಗೇ ಕೂಡಿತು. ಅವರು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಕೆಲವು ವರ್ಷ ಕಳೆದು, ಹೋದ ತಿಂಗಳು ತೀರಿಕೊಂಡರು. ಈಚೆಗೆ ಫೋನಿನಲ್ಲಿ ಬರೆಯಲು ಕಲಿತ ನಾನು, ಕಾಲುವೆ ರೈತರ ವಾಟ್ಸಾಪ್ ಗುಂಪಿಗೆ ಹಾಕಿದೆ: "ಅವತ್ತ ಆಂಟೆನಾ ಮುಚ್ಚಿದಾಕಿ ನಾನು. ಭಾಯಿ ಅಲ್ಲ."

ಮಾರನೆಯ ಬೆಳಿಗ್ಗೆ ಆ ಬಡಿಗೆ ಬೀಸಿದವನು ನಮ್ಮ ಅಂಗಳದಲ್ಲಿ ನಿಂತಿದ್ದ. ಬಿದ್ದರೆ ನನಗೂ ನಾಲ್ಕು ಬೀಳಲಿ ಎಂದು ಹೊರಗೆ ಬಂದೆ.

"ಅಮ್ಮಾ, ಮಣ್ಣು ಮಾಡುವಾಗ ನಾ ಹೋಗಿದ್ದಿಲ್ಲ," ಎಂದ. "ಭಾಯಿ ಗೋರಿ ಯಾವುದು ತೋರಸ್ರಿ."

ನಾನು ಚಪ್ಪಲಿ ಮೆಟ್ಟಿದೆ.