ಎಳೆಯುವ ಭಾರ, ಹೊರುವ ಭಾರ

ಎಲ್ಲರ ಆಫೀಸಿನ ಶೇರುಗಳೂ ಏರುತ್ತಿದ್ದ ಕಾಲ. ನನ್ನ ಗಂಡನಿಗೆ ಟ್ರೇಲರಿನ ಹುಚ್ಚು ಹಿಡಿಯಿತು. ಅಡುಗೆಮನೆ, ಹಾಸಿಗೆ ಎಲ್ಲ ಇರುವ ಗಾಲಿ ಮನೆ ಅದು. ಅದರ ಮೂತಿ ನಮ್ಮ ಪಿಕಪ್ ಟ್ರಕ್ಕಿನ ಬೆನ್ನ ಮೇಲೇ ಕೂರುತ್ತದೆ.

ಪಕ್ಕದ ಊರು ಮಾರ್ಗನ್ ಹಿಲ್‌ನ ಟ್ರೇಲರ್ ಅಂಗಡಿಯವನು, "ನಿಮ್ಮ ಟ್ರಕ್ಕು ಹತ್ತು ಸಾವಿರ ಪೌಂಡು ಎಳೆಯುತ್ತೆ, ಇದು ಬರೀ ಏಳೂವರೆ ಸಾವಿರ," ಎಂದ. ಇವರು ಸಹಿಗೆ ಪೆನ್ನು ತೆಗೆದೇಬಿಟ್ಟರು.

"ಎಳೆಯೋದು ಬಿಡ್ರೀ, ಹೊರೋದೆಷ್ಟು?" ಎಂದೆ.

"ಇಂಜಿನಿಯರ್ ನಾನಾ ನೀನಾ?"

ನಾನು ಓದಿದ್ದು ಹತ್ತನೇ ಕ್ಲಾಸು. ಆದರೆ ಮಂಡ್ಯದಲ್ಲಿ ನಮ್ಮಪ್ಪ ಕಬ್ಬು ಹೇರಿದ ಮೇಲೆ ನೊಗ ಎತ್ತಿ ನೋಡದೆ ಗಾಡಿ ಹೊರಡಿಸಿದವರಲ್ಲ. ಭಾರ ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ಹೋಗುತ್ತದೆ. ಇಲ್ಲಿ ಬೆಟ್ಟದ ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಹೋಗುವವರು ನನ್ನ ಮಕ್ಕಳು.

ಟ್ರಕ್ಕಿನ ಪುಸ್ತಕ ತೆಗೆದು ನೋಡಿದೆ. ಒಳಗೆ ಕೂತವರೂ ಸೇರಿ ಅದು ಹೊರುವುದು ಹದಿನೇಳು ನೂರು ಪೌಂಡು. ನನ್ನ ಹರಕು ಇಂಗ್ಲಿಷಿನಲ್ಲೇ ಅಂಗಡಿಯವನನ್ನು ಕೇಳಿದೆ. ಟ್ರೇಲರಿನ ಮೂತಿಯ ಭಾರವೇ ಹದಿನೈದು ನೂರು, ಅದೂ ಖಾಲಿ ಇದ್ದಾಗ.

"ಉಳಿದ ಇನ್ನೂರರಲ್ಲಿ ನೀವೊಬ್ಬರು ಕೂತ್ಕೊಳ್ಳಿ. ನಾನು, ಮಕ್ಕಳು, ಗ್ರೈಂಡರು ಫ್ರೀವೇಲಿ ಹಿಂದೆ ಓಡಿ ಬರ್ತೀವಿ," ಎಂದೆ.

"ಅಮ್ಮ ಈಸ್ ರೈಟ್, ಡ್ಯಾಡಿ," ಎಂದಳು ಮಗಳು. ಇವರು ಪೆನ್ನು ಜೇಬಿಗಿಟ್ಟರು.

ಅಂಗಡಿಯವನು ನನ್ನ ಕಡೆ ತಿರುಗಿ, "ಮೇಡಂ, ನೀವು ಯಾವ ಕಂಪನಿಯಲ್ಲಿ ಇಂಜಿನಿಯರು?" ಎಂದ. ನಾನು ತಿದ್ದಲು ಹೋಗಲಿಲ್ಲ.

ಈಗ ಇವರ ಆಫೀಸಿನಲ್ಲಿ ಯಾರು ಟ್ರೇಲರ್ ಕೊಳ್ಳುವುದಿದ್ದರೂ ನನಗೆ ಫೋನ್ ಮಾಡುತ್ತಾರೆ. ಮನೆಯವರೆಲ್ಲರ ತೂಕ ಹೇಳಿ ಎನ್ನುತ್ತೇನೆ. ಹೆಂಡತಿಯ ತೂಕವನ್ನು ಮಾತ್ರ ಎಲ್ಲರೂ ಪಿಸುಗುಟ್ಟುತ್ತಾರೆ.