ಟೀ ಪುಡಿ ಯಜಮಾನರ ಮೂಗು

ಮೊನ್ನೆ ಚಳಿ ಶುರುವಾಯಿತೆಂದು ಬೀರುವಿನಿಂದ ಉಣ್ಣೆ ಶಾಲು ತೆಗೆದೆ. ಮಡಿಕೆ ಬಿಚ್ಚಿದ್ದೇ ತಡ, ನುಸಿಗುಳಿಗೆಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಬೇರೆ ಯಾರಾದರೂ ಆಗಿದ್ದರೆ ಶಾಲನ್ನು ಕೊಡವಿ ಬಿಸಿಲಿಗೆ ಹಾಕಿ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ನಾನು ಮಾತ್ರ ಶಾಲನ್ನು ಅಲ್ಲೇ ಬಿಟ್ಟು ಮಂಚದ ಅಂಚಿನಲ್ಲಿ ಕೂತುಬಿಟ್ಟೆ. ಮಗಳು ಬಂದು, "ಏನಾಯ್ತಮ್ಮಾ, ಬಿ.ಪಿ. ಏನಾದ್ರೂ ಜಾಸ್ತಿ ಆಯ್ತಾ?" ಎಂದಳು. ಏನಿಲ್ಲ ಹೋಗೇ ಎಂದೆ. ಈ ವಯಸ್ಸಿನಲ್ಲಿ ನುಸಿಗುಳಿಗೆಗೆ ಹೆದರುತ್ತೇನೆ ಅಂತ ಮಗಳ ಹತ್ತಿರ ಹೇಳಿಕೊಳ್ಳಲಾಗುತ್ತದೆಯೇ?

ಆ ವಾಸನೆಯ ಹಿಂದೆಯೇ ಯಶವಂತಪುರ ಮಾರ್ಕೆಟ್ಟಿನ ಪಕ್ಕದ ಗಲ್ಲಿಯಲ್ಲಿದ್ದ ಟೀ ಪುಡಿ ಅಂಗಡಿ ನೆನಪಾಗುತ್ತದೆ. ಅದರ ಯಜಮಾನರು ನೆನಪಾಗುತ್ತಾರೆ... ಬಿಳಿ ಅರ್ಧ ತೋಳಿನ ಅಂಗಿ, ಎದೆಯ ಜೇಬಿನಲ್ಲಿ ಒಂದು ಸ್ಟೀಲ್ ಚಮಚ, ಬಟ್ಟಲಿನ ಮೇಲೆ ಬಗ್ಗಿದ ದೊಡ್ಡ ಮೂಗು.

ನಮ್ಮದು ಕಾಫಿಯ ಮನೆ. ಬಾಗಲಗುಂಟೆಯಲ್ಲಿ ನಾನು ಸೇರಿದ ಮನೆಯಲ್ಲಿ ಬೆಳಿಗ್ಗೆ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವ ತನಕ ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಟೀ ಅಂದರೆ ನಮ್ಮ ಅತ್ತೆಯ ಪ್ರಕಾರ ರೈಲಿನಲ್ಲಿ ಗತಿಯಿಲ್ಲದೆ ಕುಡಿಯುವ ಬಣ್ಣದ ನೀರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುವ ಹಾಗೆ ನನಗೆ ಟೀ ಹುಚ್ಚು. ಯಶವಂತಪುರದಲ್ಲಿ ನಾನು ಗುಮಾಸ್ತೆಯಾಗಿದ್ದ ಆಫೀಸಿನಿಂದ ಆ ಅಂಗಡಿ ಐದು ನಿಮಿಷದ ದಾರಿ. ಒಂದು ದಿನ ಕಾಲು ಕೆಜಿ ಪುಡಿ ಕೊಳ್ಳಲು ಹೋದವಳು ಅಲ್ಲಿ ನಡೆಯುತ್ತಿದ್ದುದನ್ನು ನೋಡಿ ನಿಂತೇಬಿಟ್ಟೆ.

ಅದು ಗುರುವಾರ. ಹೋಟೆಲುಗಳಿಗೂ ಮನೆಗಳಿಗೂ ಕೊಡುವ ಪುಡಿಯನ್ನು ಯಜಮಾನರು ಗುರುವಾರ ಬೆಳಿಗ್ಗೆ ರುಚಿ ನೋಡಿ, ಆಮೇಲೆ ಬೆರೆಸುತ್ತಿದ್ದರು. ಹಲಗೆಯ ಮೇಲೆ ಆರು ಬಿಳಿ ಪಿಂಗಾಣಿ ಬಟ್ಟಲು. ಹಾಲಿಲ್ಲ, ಸಕ್ಕರೆಯಿಲ್ಲ. ಚಮಚದಲ್ಲಿ ಎತ್ತಿ ಸೊರ್ ಎಂದು ಗಲ್ಲಿಗೇ ಕೇಳುವ ಹಾಗೆ ಹೀರುವುದು, ಬಾಯಲ್ಲೆಲ್ಲ ಆಡಿಸಿ ಪಕ್ಕದ ಬಕೆಟ್ಟಿಗೆ ಉಗಿಯುವುದು. ಥೂ, ಇದೇನು ಅಸಹ್ಯ ಅಂದುಕೊಂಡೆ. "ನೀವೂ ನೋಡಿ ತಾಯಿ, ನಾಚ್ಕೋಬೇಡಿ. ಸದ್ದು ಬರ್ದಿದ್ರೆ ವಾಸ್ನೆ ಮೂಗಿಗೆ ಹತ್ತಲ್ಲ" ಎಂದು ಒಂದು ಚಮಚ ಕೊಟ್ಟರು. ಅವತ್ತಿನಿಂದ ಗುರುವಾರ ಆಫೀಸಿಗೆ ಮುಂಚೆ ನನಗೆ ಅಲ್ಲಿ ಒಂದು ಸ್ಟೂಲು ಖಾಯಂ ಆಯಿತು.

ಅಸ್ಸಾಮಿನದು ನಾಲಿಗೆಯ ಮೇಲೆ ದಪ್ಪಗೆ ಕೂತು, ಒಗರಾಗಿ ಕೆನ್ನೆಯ ಒಳಗೋಡೆಯನ್ನು ಹಿಡಿಯುತ್ತಿತ್ತು. ನೀಲಗಿರಿಯದರಲ್ಲಿ ನಿಂಬೆ ಎಲೆ ಹಿಚುಕಿದ ಹಾಗೆ ಒಂದು ತಂಪು. ಡಾರ್ಜಿಲಿಂಗಿನದನ್ನು ಮೊದಲ ಸಲ ಹೀರಿ, ಇದರಲ್ಲಿ ಏನೂ ಇಲ್ಲವಲ್ಲ ಎಂದೆ. "ಸ್ವಲ್ಪ ತಡೀರಿ" ಎಂದರು. ನುಂಗಿ ಅರ್ಧ ನಿಮಿಷವಾದ ಮೇಲೆ ಗಂಟಲಿನಿಂದ ದ್ರಾಕ್ಷಿಯ ಸಿಪ್ಪೆಯಂಥ ಪರಿಮಳ ಮೇಲಕ್ಕೆ ಬಂತು. ಎಷ್ಟು ಖುಷಿಯಾಯಿತೆಂದರೆ ಆಫೀಸಿಗೆ ಹೋಗುವುದೇ ಮರೆತಿತ್ತು. ಹೊಗೆಯಲ್ಲಿ ಒಣಗಿಸಿದ್ದು ಒಂದಿತ್ತು, ಬಚ್ಚಲ ಒಲೆಯ ನೆನಪು ಬರಿಸುವಂಥದ್ದು. ಯಜಮಾನರು ಹೆಚ್ಚು ಮಾತಿನವರಲ್ಲ. "ಇದಕ್ಕೆ ಮೈ ಇದೆ, ಮುಖ ಇಲ್ಲ" ಅನ್ನುವರು, ಅಷ್ಟೇ. ಮೈ ಅಂದರೆ ನಾಲಿಗೆಯ ಮೇಲೆ ಕೂರುವ ದಪ್ಪ, ಮುಖ ಅಂದರೆ ಪರಿಮಳ.

ಟೀ ಎಲೆ ಪಕ್ಕದಲ್ಲಿರುವ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದಂತೆ. ಅದಕ್ಕೇ ಆ ಅಂಗಡಿಯಲ್ಲಿ ಊದುಬತ್ತಿ ಹಚ್ಚುವ ಹಾಗಿರಲಿಲ್ಲ, ಆಯುಧಪೂಜೆಯಲ್ಲೂ ಮಂಗಳಾರತಿ ರಸ್ತೆಯ ಆಚೆ ಬದಿಯಿಂದಲೇ. ಬಾಗಿಲ ಚೌಕಟ್ಟಿನ ಹೊರಗೆ ಒಂದು ಮೊಳೆ ಇತ್ತು. ಮಲ್ಲಿಗೆ ಮುಡಿದು ಬಂದ ಹೆಂಗಸರು ಹೂವನ್ನು ಆ ಮೊಳೆಗೆ ಸಿಕ್ಕಿಸಿ ಒಳಗೆ ಬರಬೇಕು. ಬೀದಿಯ ಎಷ್ಟು ಹೆಂಗಸರು ಇದಕ್ಕೆ ಬೈದುಕೊಂಡಿದ್ದಾರೋ! ಆದರೂ ಅವರ ಅಂಗಡಿಗೇ ಬರುತ್ತಿದ್ದರು. ಯಜಮಾನರ ಮೂಗು ಅಂದರೆ ಅಲ್ಲಿ ಅಷ್ಟು ನಂಬಿಕೆ.

ಆಮೇಲೆ ಕೊರೋನಾ ಬಂತು. ನನಗೂ ಜ್ವರ ಬಂತು, ಅವರಿಗೂ ಬಂತು. ನಾನು ಹನ್ನೆರಡು ದಿನ ರೂಮಿನಲ್ಲಿ ಒಬ್ಬಳೇ ಇದ್ದೆ. ಸಾಯುವ ಭಯಕ್ಕಿಂತ, ನಂಬಿದರೆ ನಂಬಿ, ಮೂಗು ಹೋಗುವ ಭಯವೇ ಹೆಚ್ಚಾಗಿತ್ತು. ಬೆಳಿಗ್ಗೆ ಎದ್ದ ತಕ್ಷಣ ಟೀ ಡಬ್ಬಿಯ ಮುಚ್ಚಳ ತೆಗೆದು ಮೂಸುವುದು. ವಾಸನೆ ಬಂದರೆ ಅಬ್ಬಾ ಅಂದುಕೊಳ್ಳುವುದು, ಎರಡು ನಿಮಿಷದಲ್ಲಿ ಅನುಮಾನವಾಗಿ ಮತ್ತೆ ಮೂಸುವುದು. ದೇವರು ದೊಡ್ಡವನು, ನನ್ನದು ಉಳಿಯಿತು.

ಅಂಗಡಿ ಮತ್ತೆ ತೆರೆದ ಮೇಲೆ ಮೊದಲ ಗುರುವಾರ ಅವಸರದಲ್ಲಿ ಹೂವು ತೆಗೆಯದೆ ಒಳಗೆ ಹೋಗಿ ಕೂತುಬಿಟ್ಟಿದ್ದೆ. ಕೂತ ಮೇಲೆ ನೆನಪಾಯಿತು. ಈಗ ಬೈಯುತ್ತಾರೆ ಎಂದು ಕಾದೆ. ಯಜಮಾನರು ಬೈಯಲಿಲ್ಲ. ನಾನು ಅವರ ಪಕ್ಕದಲ್ಲೇ, ತಲೆಯ ತುಂಬ ಮಲ್ಲಿಗೆ... ಅವರು ಸೊರ್ ಎಂದು ಹೀರಿದರು, ಉಗಿದರು, "ಮೈ ಇದೆ, ಮುಖ ಇಲ್ಲ" ಎಂದರು. ಅವರು ಹಾಗಂದದ್ದು ಡಾರ್ಜಿಲಿಂಗಿನ ಬಟ್ಟಲಿಗೆ.

ತಲೆಯೆತ್ತಿದರೆ ಒಳಬಾಗಿಲಲ್ಲಿ ಅವರ ಹೆಂಡತಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರು ಹಳೇ ಜಾಲಹಳ್ಳಿಯ ಕಡೆಯವರು, ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಹೊರಡುವಾಗ ಬೀದಿಯ ತಿರುವಿನವರೆಗೆ ನನ್ನ ಜೊತೆ ಬಂದರು.

"ಅವರ್ಗೆ ಮೂಗು ಓಗೈತೆ ಕಣಮ್ಮ. ನಂಗೊತ್ತು ಅನ್ನೋದು ಅವರ್ಗೂ ಗೊತ್ತು. ಇಬ್ರೂ ಬಾಯ್ಬಿಟ್ಟಿಲ್ಲ" ಎಂದರು. "ಬೇರೇರ್ಗೆ ಗೊತ್ತಾದ್ರೆ ಆ ಮನುಷ್ಯ ಉಳಿಯಾಕಿಲ್ಲ. ನೀನು ಗುರುವಾರ ತಪ್ಪಿಸ್ಬೇಡ. ಮೊದ್ಲು ನೀನು ಕುಡ್ದು ಇಂಗೈತೆ ಅಂತ ಗಟ್ಟಿಯಾಗಿ ಯೋಳು. ಅವರು ಸಂಭಾಳಿಸ್ಕೊಂತಾರೆ."

ನಾನು ಹೂಂ ಎಂದೆ. ಇಲ್ಲ ಅನ್ನಲು ಧೈರ್ಯ ಬರಲಿಲ್ಲ.

ಹಾಗೆ ನಾನು ಅವರ ಮೂಗಾದೆ. "ಇದ್ರಲ್ಲಿ ಸ್ವಲ್ಪ ಹೊಗೆ ಅಲ್ವಾ ಯಜಮಾನ್ರೇ?" ಎಂದರೆ, "ಹೂಂ, ಅದನ್ನೇ ಹೇಳ್ಬೇಕು ಅಂತಿದ್ದೆ" ಅನ್ನುವರು. ನನ್ನ ಮುಖ ನೋಡುತ್ತಿರಲಿಲ್ಲ. ಎಲೆಯನ್ನು ಬೆರಳಲ್ಲಿ ಉಜ್ಜುವುದು, ಬಣ್ಣವನ್ನು ಬೆಳಕಿಗೆ ಹಿಡಿಯುವುದು ಮೊದಲಿಗಿಂತ ಜಾಸ್ತಿಯಾಗಿತ್ತು. ಟೀ ಕುಡಿಯುವ ಸುಖ ಮಾತ್ರ ನನಗೆ ಅಲ್ಲಿಗೇ ಹೋಯಿತು. ಬಟ್ಟಲು ತುಟಿಗೆ ತಂದರೆ ಸಾಕು, ತಪ್ಪಾದರೆ ಗತಿಯೇನು ಎಂಬ ಯೋಚನೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಬಿಸಿತುಪ್ಪ ಅಂದರೆ ಏನೆಂದು ನನಗೆ ಟೀ ಅಂಗಡಿಯಲ್ಲಿ ಗೊತ್ತಾಯಿತು.

ತಪ್ಪು ಆಗಿಯೇ ಆಯಿತು. ಮಳೆಯ ದಿನ, ಒಂದು ಬಟ್ಟಲಿನಲ್ಲಿ ಮುಗ್ಗಲು ವಾಸನೆ ಇದೆ ಎಂದೆ. ನನ್ನ ಮಾತು ನಂಬಿ ಯಜಮಾನರು ಇಡೀ ಮೂಟೆಯನ್ನು ಹೊರಗೆ ಹಾಕಿಸಿದರು. ಮನೆಗೆ ಬಂದು ಕೈಚೀಲ ಬಿಚ್ಚಿದರೆ ಅದೇ ವಾಸನೆ. ನೆನೆದು ಒಣಗದ ನನ್ನ ಮಾಸ್ಕಿನದು! ಕತ್ತಿನಲ್ಲಿ ಅದನ್ನು ಜೋತುಬಿಟ್ಟುಕೊಂಡೇ ನಾನು ರುಚಿ ನೋಡಿದ್ದೆ. ಹೇಳಲು ನಾಚಿಕೆ, ಹೇಳದಿರಲು ಭಯ. ಮುಂದಿನ ಗುರುವಾರ ಆಫೀಸಿನಲ್ಲಿ ಆಡಿಟ್ ಇದೆ, ಬರಲಾಗಲ್ಲ ಎಂದು ಫೋನ್ ಮಾಡಿದೆ. ಆಡಿಟ್ಟೂ ಇರಲಿಲ್ಲ ಏನೂ ಇರಲಿಲ್ಲ. ಹೆದರಿ ಮನೆಯಲ್ಲಿ ಕೂತಿದ್ದೆ. ಅಮ್ಮ ಮಗಳ ಹೆರಿಗೆಗೆಂದು ತುಮಕೂರಿಗೆ ಹೋಗಿದ್ದರು, ಅಂಗಡಿಯಲ್ಲಿ ಬೇರೆ ಮೂಗಿಲ್ಲ ಅನ್ನುವುದೂ ನನಗೆ ಗೊತ್ತಿತ್ತು.

ಸೋಮವಾರ ಮನಸ್ಸು ತಡೆಯದೆ ಹೋದೆ. "ಬನ್ನಿ ತಾಯಿ, ಈ ಸಲದ ಮಿಕ್ಸ್ ನೋಡಿ, ಫಸ್ಟ್ ಕ್ಲಾಸ್" ಎಂದು ಬಟ್ಟಲು ಮುಂದಿಟ್ಟರು. ಮುಚ್ಚಳ ತೆಗೆದೆ. ಆವಿಯ ಜೊತೆ ನುಸಿಗುಳಿಗೆ.

ಮತ್ತೆ ನನ್ನದೇ ಬಟ್ಟೆಯದೋ ಎಂದು ಸೆರಗು ಮೂಸಿದೆ, ಕೈ ಮೂಸಿದೆ. ಅಲ್ಲ. ಹೋಗಿ ದೊಡ್ಡ ಡಬ್ಬದ ಮುಚ್ಚಳ ತೆಗೆದೆ, ಕಣ್ಣಲ್ಲಿ ನೀರು ಬರುವಷ್ಟು ಘಾಟು. ಮೊಗೆಯುವ ಚಮಚದಿಂದ ಕೆದಕಿದಾಗ ಅರ್ಧ ಸವೆದ ಬಿಳಿ ತುಂಡೊಂದು ಸಿಕ್ಕಿತು. ತಂದು ಅವರ ಅಂಗೈಯಲ್ಲಿಟ್ಟೆ.

ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದರು.

"ಕಲ್ಲುಸಕ್ಕರೆನಾ?" ಎಂದು ಬಾಯಿಗೆ ಹಾಕಿಕೊಳ್ಳಲು ಹೋದರು.

ಅವರ ಕೈಗೆ ಹೊಡೆದೆ. ನನ್ನ ಅಪ್ಪನ ವಯಸ್ಸಿನ ಮನುಷ್ಯರ ಕೈಗೆ, ಫಟ್ ಎಂದು. "ವಿಷ ಯಜಮಾನ್ರೇ, ನುಸಿಗುಳಿಗೆ ಅದು!" ಎಂದು ಕೂಗಿದೆ. ತುಂಡು ಎಲ್ಲಿ ಹಾರಿ ಬಿತ್ತೋ. ಅವರು ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದರು. ಅಷ್ಟು ತಿಂಗಳಲ್ಲಿ ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ಆಗಿದ್ದು ಇಷ್ಟು. ಅಂಗಡಿ ಸೋರುತ್ತದೆಂದು ಬಾಯಿ ತೆರೆದ ಒಂದು ಮೂಟೆಯನ್ನು ಅವರು ಮಹಡಿಯಲ್ಲಿದ್ದ ತಮ್ಮ ಮನೆಯ ರೂಮಿನಲ್ಲಿಟ್ಟಿದ್ದರು. ಅದರ ಮೇಲಿನ ಶೆಲ್ಫಿನಲ್ಲಿ ಅಮ್ಮ ನುಸಿಗುಳಿಗೆಯ ಪೊಟ್ಟಣ ಇಟ್ಟಿದ್ದರು. ಇಲಿ ಪೊಟ್ಟಣವನ್ನು ಕಡಿದು, ಗುಳಿಗೆಗಳು ಮೂಟೆಯೊಳಕ್ಕೆ ಉದುರಿದ್ದವು. ಮೂಗಿದ್ದವರಾಗಿದ್ದರೆ ಆ ರೂಮಿನ ಬಾಗಿಲಲ್ಲೇ ನಿಲ್ಲುತ್ತಿದ್ದರು. ಯಜಮಾನರು ಒಳಗೆ ಹೋಗಿ, ಮೂಟೆ ಇಳಿಸಿ, ಬೆರೆಸಿ, ಪೊಟ್ಟಣ ಕಟ್ಟಿ ಮಾರಿದ್ದರು. ಒಂದು ಹೆಬ್ಬಾಳದ ಹೋಟೆಲಿಗೆ, ಉಳಿದದ್ದು ಸುತ್ತಮುತ್ತಲ ಒಂಬತ್ತು ಮನೆಗಳಿಗೆ. ಕೊಟ್ಟು ನಾಲ್ಕು ದಿನವಾಗಿತ್ತು.

ಆಟೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ರಾಘವೇಂದ್ರ ರಾಘವೇಂದ್ರ ಅನ್ನುತ್ತಿದ್ದೆ. ಹೋಟೆಲಿನವರು ಮೂಟೆ ಇನ್ನೂ ಬಿಚ್ಚಿರಲಿಲ್ಲ, ಜೀವ ಬಂದ ಹಾಗಾಯಿತು. ಮನೆಗಳಲ್ಲಿ ಹಾಗಾಗಲಿಲ್ಲ. ಒಂದೊಂದು ಬಾಗಿಲಲ್ಲೂ ಯಜಮಾನರು ಕೈಮುಗಿದು, "ನನ್ನ ಮೂಗು ಹೋಗಿದೆ. ಪುಡಿ ಕೆಟ್ಟಿದೆ, ವಾಪಸ್ ಕೊಡಿ" ಅನ್ನುತ್ತಿದ್ದರು. ಒಂದು ವರ್ಷ ಹೆಂಡತಿಯ ಹತ್ತಿರವೂ ಬಾಯಿಬಿಡದ ಮಾತನ್ನು ಒಂಬತ್ತು ಬಾಗಿಲಲ್ಲಿ ಹೇಳಿದರು.

ವಾಸನೆ ಬಂದಿತ್ತು, ಎಲ್ಲರಿಗೂ ಬಂದಿತ್ತು! ಎಂಟನೆಯ ಮನೆಯ ಅಜ್ಜಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಏನೋ ಗುಳಿಗೆ ವಾಸ್ನೆ ಬರ್ತಿದೆ ಅನ್ನಿಸ್ತು ಕಣಪ್ಪ. ನೀವು ಕೊಟ್ಟ ಪುಡಿಯಲ್ಲಿ ಎಲ್ಲಿಂದ ಬರ್ಬೇಕು? ನಮ್ಮ ಮೂಗೇ ಜ್ವರದಲ್ಲಿ ಕೆಟ್ಟಿರ್ಬೇಕು ಅಂದ್ಕೊಂಡು ಕುಡಿದ್ವಿ." ನಾಲ್ಕು ಮನೆಯವರು ಹೀಗೇ ಹೇಳಿದರು. ತಮ್ಮ ಮೂಗನ್ನು ಬಿಟ್ಟು ಅವರ ಮೂಗನ್ನು ನಂಬಿದ್ದರು.

ಆ ಅಜ್ಜಿಯ ಮನೆಯಲ್ಲಿ ಬಾಣಂತಿ ಇದ್ದಳು. ಅವಳೂ ಎರಡು ದಿನ ಕುಡಿದಿದ್ದಳು, ಮಗುವಿಗೆ ಹಾಲು ಕುಡಿಸುತ್ತಿದ್ದಳು. ಕರೆದುಕೊಂಡು ಡಾಕ್ಟರ ಹತ್ತಿರ ಓಡಿದೆವು. ಈಗೇನೂ ಕಾಣುವುದಿಲ್ಲ, ಮಗುವಿನ ಕಣ್ಣು, ಮೈ ಹಳದಿಯಾಗುತ್ತದೇನೋ ಮೂರು ದಿನ ನೋಡುತ್ತಿರಿ ಎಂದರು. ಆ ಮೂರು ದಿನ ಯಜಮಾನರು ಬೆಳಿಗ್ಗೆಯಿಂದ ಕತ್ತಲಾಗುವ ತನಕ ಆ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಎಷ್ಟು ಕರೆದರೂ ಒಳಗೆ ಹೋಗಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ. ನಾನು ಆಫೀಸಿನಿಂದ ನೇರ ಅಲ್ಲಿಗೆ ಹೋಗಿ, ಮಗುವಿನ ರೆಪ್ಪೆ ಬಿಡಿಸಿ ಬಿಡಿಸಿ ನೋಡುವುದು. ಸಂಜೆಯ ಬಿಸಿಲಿಗೆ ಎಲ್ಲವೂ ಹಳದಿಯಾಗಿ ಕಾಣುತ್ತಿತ್ತು. ಅಯ್ಯೋ, ಅಂಥ ಭಯ ಶತ್ರುವಿಗೂ ಬೇಡ.

ಮಗುವಿಗೆ ಏನೂ ಆಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ನಾಲ್ಕನೆಯ ದಿನ ಯಜಮಾನರು ಅಂಗಡಿಯ ಬಾಗಿಲು ಹಾಕಿದರು, ಮತ್ತೆ ತೆರೆಯಲಿಲ್ಲ.

ಆಮೇಲೂ ತಿಂಗಳಿಗೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಅವರೇ ಎರಡು ಬಟ್ಟಲಿನಲ್ಲಿ ಟೀ ಮಾಡುವರು, ಅಳತೆ ತಪ್ಪುತ್ತಿರಲಿಲ್ಲ. "ಹೇಗಿದೆ ಹೇಳಿ" ಎಂದು ಕಣ್ಣು ಮುಚ್ಚಿಕೊಳ್ಳುವರು. ನಾನು ಹೇಳುತ್ತಿದ್ದೆ... ಮೊದಲು ಹಸಿ ಸೌದೆ, ಆಮೇಲೆ ಜೇನು, ಕೊನೆಗೆ ಗಂಟಲಲ್ಲಿ ಸ್ವಲ್ಪ ಒಗರು. ಅವರು ತಲೆದೂಗುತ್ತಿದ್ದರು. ಪ್ರತಿ ಸಲವೂ ಆ ಗುರುವಾರದ ಆಡಿಟ್ಟಿನ ಸುಳ್ಳನ್ನು ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ಹೇಳಿದರೆ ಏನನ್ನುತ್ತಾರೋ ಎಂಬ ಭಯಕ್ಕೆ ಮುಂದಿನ ಸಲಕ್ಕೆ ಹಾಕುತ್ತಿದ್ದೆ.

ಕೊನೆಯ ಸಲ ಹೋದಾಗ ಹಾಸಿಗೆಯಲ್ಲಿದ್ದರು. ಅಮ್ಮ ಟೀ ತಂದುಕೊಟ್ಟರು. ಅವತ್ತು ಧೈರ್ಯ ಮಾಡಿ, "ಯಜಮಾನ್ರೇ, ನಿಮಗೊಂದು ಮಾತು ಹೇಳ್ಬೇಕಿತ್ತು" ಎಂದೆ.

"ಮೊದ್ಲು ಟೀ ಹೇಗಿದೆ ಹೇಳಿ ತಾಯಿ. ನೀವು ಒಬ್ರೇ ನಂಗೆ ಸುಳ್ಳು ಹೇಳಲ್ಲ" ಎಂದರು.

ಟೀ ಹೇಗಿದೆ ಅಂತ ಹೇಳಿದೆ. ಅಷ್ಟನ್ನೇ ಹೇಳಿ ಎದ್ದು ಬಂದೆ.

ಅವರು ಹೋಗಿ ಈ ಸಂಕ್ರಾಂತಿಗೆ ಎರಡು ವರ್ಷ. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಮೊನ್ನೆ ಶಾಲನ್ನು ಬಿಸಿಲಿಗೆ ಹಾಕಿ ಬಂದು, ಒಂದು ಲೋಟ ಟೀ ಮಾಡಿಕೊಂಡೆ. ಮಗಳು, "ಯಾವ್ದಮ್ಮಾ ಇದು, ಘಮ್ ಅಂತಿದೆ, ಹೇಗಿದೆ?" ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ನಿಜ ಹೇಳಬೇಕೆಂದರೆ ನಾನಿನ್ನೂ ಕುಡಿದಿರಲಿಲ್ಲ.