ಹುಳದ ಮನೆಯ ಬೆಕ್ಕು, ಕಸ ಹೀರುವ ಮೆಷಿನ್ನು

ಬೆಕ್ಕಿಗೆ ಗಾಳಿ ಸೋಕಿರಲಿಲ್ಲ, ಹುಚ್ಚೂ ಹಿಡಿದಿರಲಿಲ್ಲ. ಅದು ಓಡಿಹೋಗುವ ದಾರಿಗೆ ನಾವು ಬಾಗಿಲು ಹಾಕಿದ್ದೆವು, ಅಷ್ಟೆ. ಹಾಕಿಸಿದವಳು ನಾನು. ಮಿಕ್ಕದ್ದೆಲ್ಲ ನನ್ನ ಮಗ ಸೇರಿಸಿದ ಹೇಸಿಗೆ.

ಇದು ನಡೆದದ್ದು ಹೋದ ವರ್ಷದ ಕಾರ್ತಿಕದ ಬೆಳೆಯಲ್ಲಿ. ನಮ್ಮ ಮನೆ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಕಡೆ. ನಲವತ್ತೆರಡು ವರ್ಷದಿಂದ ರೇಷ್ಮೆ ಹುಳ ಮೇಯಿಸುತ್ತಿದ್ದೇನೆ. ತೋಟ, ಸೊಪ್ಪು, ರಾಮನಗರದ ಮಾರ್ಕೆಟ್ಟಿಗೆ ಗೂಡು ಹೊರುವುದು ಈಗ ಮಗ ಶಿವಣ್ಣನ ಪಾಲು. ಹಾಲ್‌ನ ನಡುಬಾಗಿಲಾಚೆ ಇರುವ ಹುಳದ ಮನೆ ಮಾತ್ರ ಇನ್ನೂ ನನ್ನದು. ಆ ಸಲ ನೂರೈವತ್ತು ಮೊಟ್ಟೆ ಮೇಯಿಸಿದ್ದೆವು. ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟಷ್ಟು ತತ್ತಿ, ನಾನೂರು ಹುಳಕ್ಕೆ ಕಡಿಮೆಯಿಲ್ಲ. ಈ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳ ಏಳೆಂಟು ದಿನ ಹೊಟ್ಟೆಬಾಕನಂತೆ ತಿಂದು ಹಣ್ಣಾಗಿ ಗೂಡು ಕಟ್ಟುತ್ತದೆ. ಇಲಿ ಕಾಯುತ್ತಿರುವುದೂ ಆ ಏಳೆಂಟು ದಿನಕ್ಕೇ.

ಹುಳದ ಮನೆಗೆ ನಾನು ಇಲಿಪಾಷಾಣ ತರಗೊಡುವುದಿಲ್ಲ. ತಿಂದ ಇಲಿ, ಹುಳದ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಹಿಂದೆಲ್ಲೋ ಸತ್ತು ಕೊಳೆಯುತ್ತದೆ, ನಾರುತ್ತದೆ. ಅದಕ್ಕೇ ಬೆಕ್ಕು. ಈ ಬೆಕ್ಕನ್ನು ಮರಿಯಿಂದ ಸಾಕಿದ್ದೆ. ತಟ್ಟೆ ಹತ್ತಿದಾಗಲೆಲ್ಲ ಎತ್ತಿ ಕೆಳಗಿಟ್ಟು, ಎತ್ತಿ ಕೆಳಗಿಟ್ಟು, ಮೂರು ಬೆಳೆ ಕಳೆಯುವಷ್ಟರಲ್ಲಿ ಹುಳ ಮುಟ್ಟಬಾರದೆಂದು ಕಲಿಸಿದ್ದೆ. ಹೆಸರು ಗಿಸರು ಇಟ್ಟಿರಲಿಲ್ಲ. ಬೆಕ್ಕು, ಅಷ್ಟೆ.

ಸೊಸೆ ರತ್ನಳಿಗೆ ಉಬ್ಬಸ. ಪೊರಕೆ ಹಿಡಿದು ನಾಲ್ಕು ಸಲ ಗುಡಿಸಿದರೆ ಸಾಕು, ಎದೆ ಸೀಟಿ ಊದುತ್ತಿತ್ತು. ಧೂಳು ಏಳಲೇಬಾರದು, ವ್ಯಾಕ್ಯೂಮ್ ಕ್ಲೀನರ್ ತಗೊಳ್ಳಿ ಎಂದು ಡಾಕ್ಟರು ಹೇಳಿದರು. ಶಿವಣ್ಣ ತಂದ. ಒಳ್ಳೆಯ ಮೆಷಿನ್ನೇ. ಅದರ ಚೀಲ ಬಿಚ್ಚಿದರೆ ಕೂದಲು, ಹುಳದ ಹಿಕ್ಕೆ, ಜಿರಳೆ ಕಾಲು ಎಲ್ಲ ಕೂಡಿ ಉಂಡೆಯಾಗಿರುತ್ತಿತ್ತು. ಇಷ್ಟು ವರ್ಷ ಇದರ ಮೇಲೆ ಚಾಪೆ ಹಾಸಿ ಮಲಗಿದ್ದೆವಲ್ಲ, ಛೀ. ಆದರೆ ಸದ್ದು ಮಾತ್ರ ಹಿಟ್ಟಿನ ಮಿಲ್ಲನ್ನೇ ಮನೆಯೊಳಗೆ ತಂದಿಟ್ಟ ಹಾಗೆ.

ಮೊದಲ ದಿನ ನಾನೇ ಹೇಳಿದೆ: "ರತ್ನ, ಹುಳದ ಮನೆಗೆ ಧೂಳು ಹೋದಾತು. ಬಾಗ್ಲು ಹಾಕ್ಬುಟ್ಟು ಸುರು ಮಾಡು."

ಹುಳ ಸಾಕುವವರಿಗೆ ಬೇರೆ ಯೋಚನೆ ಬರುವುದಿಲ್ಲ. ಮಗು ಅತ್ತರೂ ಮೊದಲು ಆ ಬಾಗಿಲು ಹಾಕಿದೆಯೇ ಎಂದು ನೋಡುತ್ತೇವೆ. ಬೆಕ್ಕು ಹಾಲ್‌ನಲ್ಲಿತ್ತು. ಸದ್ದು ಎದ್ದದ್ದೇ ತಡ, ಗೋಡೆ ಹತ್ತಿತು, ಕ್ಯಾಲೆಂಡರು ಹರಿಯಿತು, ರಾಗಿ ಚೀಲದ ಮೇಲೆ ಉಚ್ಚೆ ಹೊಯ್ದುಕೊಂಡಿತು. ಶಿವಣ್ಣ ಬಿಡಿಸುವುದು ಬಿಟ್ಟು ಫೋನಿನಲ್ಲಿ ವಿಡಿಯೊ ಹಿಡಿಯುತ್ತ ನಗುತ್ತಿದ್ದ. ಮಾರನೇ ದಿನ ಬೆಕ್ಕನ್ನು ಕಂಕುಳಲ್ಲಿ ಅವುಚಿಕೊಂಡು ಮೆಷಿನ್ನಿನ ಮುಂದೆ ಹಿಡಿದ.

"ನೋಡ್ಲೇ, ಏನೂ ಮಾಡಕಿಲ್ಲ ಇದು. ಒಸಿ ಅಭ್ಯಾಸ ಆಗ್ಲಿ ಕಣವ್ವ."

ಮೊಣಕೈಯಿಂದ ಮುಂಗೈವರೆಗೆ ಸೀಳಿಸಿಕೊಂಡ. ಬೆಕ್ಕು ಹಿತ್ತಲಿನ ಹುಲ್ಲಿನ ಮೆದೆ ಸೇರಿತು. ಕರೆದರೂ ಬರಲಿಲ್ಲ.

ಮೂರನೇ ಬೆಳಿಗ್ಗೆ ಸೊಪ್ಪು ಹಾಕಲು ಹೋದರೆ, ನಾಲ್ಕನೇ ಜ್ವರದಿಂದ ಎದ್ದ ಹುಳದ ಆರು ತಟ್ಟೆ ಹಾಳಾಗಿದ್ದವು. ಪೂರ್ತಿ ತಿಂದಿದ್ದರೆ ಸಂಕಟವಿರಲಿಲ್ಲ. ಇಲಿಯ ಬುದ್ಧಿ ಹಲ್ಕಾ. ಒಂದೊಂದನ್ನೂ ಅರ್ಧ ಕಚ್ಚಿ ಎಸೆದಿತ್ತು. ತಲೆ ಒಂದು ಕಡೆ, ಹಸಿರು ಲೋಳೆ ಒಂದು ಕಡೆ, ಬದುಕಿದ ಹುಳ ಅದರ ಮೇಲೇ ಹರಿದಾಡುತ್ತಿತ್ತು. ಅದನ್ನು ಬರಿಗೈಯಲ್ಲಿ ಬಾಚಿ ಹಾಕಿದೆ.

"ಈ ಬೆಕ್ನ ಚೀಲಕ್ಕೆ ಹಾಕ್ಕಂಡು ಕೋಡಿಹಳ್ಳಿ ಕಡೆ ಬುಟ್ ಬತ್ತೀನಿ" ಎಂದ ಶಿವಣ್ಣ. "ಬೇರೆ ಬೆಕ್ ತಂದ್ರಾಯ್ತು."

"ಬೇರೆ ಬೆಕ್ಕು ಇಲಿ ಬುಟ್ಟು ಹುಳಾನೇ ಮುಕ್ತದೆ ಕಣ್ಲಾ. ತಟ್ಟೆ ಮೇಲೇ ಮಲೀಕತದೆ. ಅದುಕ್ಕೆ ಕಲ್ಸೋರು ಯಾರು, ನಿಮ್ಮಪ್ಪ ಎದ್ದು ಬತ್ತಾನಾ?"

ರತ್ನ ಪಾಪ, "ಮೆಷಿನ್ ಬ್ಯಾಡ ಬುಡಿ ಅತ್ತೆ, ಗುಡುಸ್ಕತೀನಿ" ಎಂದಳು. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿದಳು. ಮೆಷಿನ್ನೂ ಬೇಕು, ಬೆಕ್ಕೂ ಬೇಕು. ಹುಳ ಹಣ್ಣಾಗುವುದಕ್ಕೆ ಇನ್ನು ಒಂದು ವಾರವಿತ್ತು. ಅಷ್ಟರೊಳಗೆ ಬೆಕ್ಕು ಒಳಗೆ ಬರದಿದ್ದರೆ ಬೆಳೆ ಇಲಿಯ ಪಾಲು.

ಮಧ್ಯಾಹ್ನ ನಡುಬಾಗಿಲು ಒರೆಸುತ್ತಿದ್ದಾಗ ಕಂಡಿತು. ಹಾಲ್ ಕಡೆಯ ಹಲಗೆಯ ಬುಡದಲ್ಲಿ ಉಗುರಿನ ಗೀರು, ಒಂದರ ಮೇಲೊಂದು, ಬಣ್ಣ ಕಿತ್ತು ಮರ ಕಾಣುವ ಹಾಗೆ. ಬೆಕ್ಕು ಗೋಡೆ ಹತ್ತುವ ಮುಂಚೆ ಹುಳದ ಮನೆಗೆ, ತನ್ನ ಜಾಗಕ್ಕೆ ಓಡಿತ್ತು. ನಾನು ಬಾಗಿಲು ಹಾಕಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಜ್ವರದಲ್ಲಿರುವ ಹುಳವನ್ನು ಮುಟ್ಟಬೇಡಿ, ಮೇವು ಹಾಕಬೇಡಿ, ತಾನಾಗಿ ಏಳಲಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಒಂದು ಬೆಕ್ಕಿನ ವಿಷಯದಲ್ಲಿ ಅಷ್ಟು ಹೊಳೆದಿರಲಿಲ್ಲ.

ಬಾಗಿಲು ತೆಗೆದಿಟ್ಟು, ಅಲ್ಲಿಗೆ ಎರಡು ಮಡಿಕೆಯ ಗೋಣಿತಾಟು ಒದ್ದೆ ಮಾಡಿ ಕಟ್ಟಿದೆ. ಬೇಸಿಗೆಯಲ್ಲಿ ಹುಳಕ್ಕೆ ತಂಪಿರಲೆಂದು ಕಿಟಕಿಗೆ ಕಟ್ಟುತ್ತೇವಲ್ಲ, ಅದೇ. ಧೂಳು ಒದ್ದೆಗೆ ಅಂಟುತ್ತದೆ. ಕೆಳಗಿನ ಮೂಲೆ ಬೆಕ್ಕು ನುಗ್ಗುವಷ್ಟು ಸಡಿಲ ಬಿಟ್ಟೆ. ಆಮೇಲೆ ಮೆಷಿನ್ನನ್ನು ವೈರು ಸುತ್ತಿ, ಹಾಲ್‌ನಲ್ಲಿ ಸುಮ್ಮನೆ ಇಡಿಸಿದೆ. ಹತ್ತು ಮಾರು ದೂರದಲ್ಲಿ, ಹಿತ್ತಲಿನ ಮೆಟ್ಟಿಲ ಮೇಲೆ ಒಂದು ಒಣಮೀನು. ಆ ನಾತ ನನಗೆ ಆಗದು, ಆದರೂ ಇಟ್ಟೆ. ಸಂಜೆ ಬೆಕ್ಕು ಬಂದು ತಿಂದಿತು. ನಾನು ಕರೆಯಲಿಲ್ಲ, ಸವರಲಿಲ್ಲ, ಆ ಕಡೆ ನೋಡಲೂ ಇಲ್ಲ. ಮಾರನೇ ದಿನ ಮೀನು ಹೊಸ್ತಿಲಿಗೆ ಬಂತು. ಅದರಾಚೆ ದಿನ, ಮಲಗಿದ್ದ ಮೆಷಿನ್ನಿನಿಂದ ಎರಡು ಮಾರಿಗೆ. ಆವತ್ತು ಅದು ಗೋಣಿತಾಟಿನಡಿ ನುಸುಳಿ ಹುಳದ ಮನೆಗೆ ಹೋಯಿತು. ಬೆಳಿಗ್ಗೆ ಬಾಗಿಲಲ್ಲಿ ಇಲಿಯ ಬಾಲ ಬಿದ್ದಿತ್ತು.

ಆಮೇಲೆ ಸದ್ದು. ರತ್ನ ಕೋಣೆಯ ಕದ ಹಾಕಿಕೊಂಡು ಮೆಷಿನ್ ಹಾಕಿ, ಹತ್ತು ಎಣಿಸಿ ಆರಿಸಿದಳು. ಬೆಕ್ಕು ಕಿವಿ ಹಿಂದಕ್ಕೆ ಮಡಚಿತು, ಮೀನು ಬಿಡಲಿಲ್ಲ. ಮಾರನೇ ದಿನ ಮೂವತ್ತು ಎಣಿಸಿದಳು. ಅದರ ಮರುದಿನ ಕದ ತೆರೆದಿಟ್ಟೇ ಹಾಕಿದಳು. ಬೆಕ್ಕು ಎದ್ದಿತು, ಓಡಲಿಲ್ಲ, ನಡೆದುಕೊಂಡು ಹೋಗಿ ಗೋಣಿತಾಟಿನಡಿ ನುಸುಳಿತು. ನನಗೆ ಬೇಕಾದದ್ದು ಅಷ್ಟೆ. ಅದು ಮೆಷಿನ್ನನ್ನು ಮುದ್ದಾಡಬೇಕಾಗಿರಲಿಲ್ಲ.

ಹುಳ ಹಣ್ಣಾಗಲು ಇನ್ನೆರಡು ದಿನ. ಬೆಕ್ಕು ಈಗ ಸದ್ದಿಗೆ ಓಡುವುದಿಲ್ಲವೆಂದು ತೋಟದಿಂದ ಬಂದ ಶಿವಣ್ಣನಿಗೆ ರತ್ನ ಖುಷಿಯಿಂದ ಹೇಳಿದಳು. "ಹೌದಾ, ತಡಿ" ಎಂದವನೇ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೆಷಿನ್ನಿನ ಪೈಪು ಹಿಡಿದು, ಮಲಗಿದ್ದ ಬೆಕ್ಕಿನ ಬಾಲಕ್ಕೆ ಒಡ್ಡಿ ಮೆಷಿನ್ ಹಾಕಿದ. ನಾನು ಸೊಪ್ಪಿನ ಹೊರೆ ಇಳಿಸಿ ಬರುವಷ್ಟರಲ್ಲಿ ಬೆಕ್ಕು ಕಿಟಕಿ ಹಾರಿತ್ತು.

"ತಮಾಸೆಗೆ ಕಣವ್ವ."

"ಥೂ! ಮೀಸೆ ಬಂದೈತೆ, ನಾಚ್ಕೆ ಬರ್ನಿಲ್ವಲ್ಲ ನಿಂಗೆ! ನೂರೈವತ್ತು ಮೊಟ್ಟೆ ಬೆಳೆ ನಿನ್ನ ಫೋನ್ಗೆ ಆರತಿ ಎತ್ತೀಯೇನ್ಲಾ?"

ಆ ರಾತ್ರಿ ಮತ್ತೆರಡು ತಟ್ಟೆ ಹೋದವು.

ಹುಳ ಸಾಕಿ ನಾನು ಕಲಿತದ್ದು ಇಷ್ಟು: ಜೀವ ಇರುವುದಕ್ಕೆ ಭಯವಾದಾಗ ಅದಕ್ಕೆ ಕಲಿಸಲು ಹೋಗಬಾರದು. ದಾರಿ ಬಿಟ್ಟು ದೂರ ಕೂರಬೇಕು. ಕಲಿಯಬೇಕಾದವರು ಹೆದರಿಸಿದವರು.

ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆ ಶಿವಣ್ಣನನ್ನು ಎಬ್ಬಿಸಿದೆ. ಫೋನು ಕಿತ್ತು ನನ್ನ ಸೆರಗಿಗೆ ಕಟ್ಟಿಕೊಂಡೆ. ಕೈಗೆ ಒಣಮೀನು ಕೊಟ್ಟು, ಹುಲ್ಲಿನ ಮೆದೆಯ ಮುಂದೆ ನೆಲದ ಮೇಲೆ ಕೂರಿಸಿದೆ.

"ಡೈರಿಗೆ ಹಾಲು ಹಾಕ್ಬೇಕು ಕಣವ್ವ."

"ರತ್ನ ಹಾಕ್ತಳೆ. ಮಾತಾಡ್ಬ್ಯಾಡ. ಅಲ್ಲಾಡ್ಬ್ಯಾಡ."

ಬಿಸಿಲು ಅವನ ಬೆನ್ನಿಗೆ ಬಂತು. ಇರುವೆ ಕಚ್ಚಿತು, ಕೆರೆದುಕೊಳ್ಳಲು ಹೋದವನನ್ನು ಗದರಿದೆ. ಕೈಯಲ್ಲಿದ್ದ ಮೀನನ್ನು ನೆಲಕ್ಕಿಟ್ಟ ಮೇಲೆ ಬೆಕ್ಕು ಮೆದೆಯ ಸಂದಿಯಿಂದ ತಲೆ ಹಾಕಿತು. ಎಷ್ಟೋ ಹೊತ್ತು ಅವನನ್ನೇ ನೋಡಿ, ಹೊಟ್ಟೆ ನೆಲಕ್ಕೆ ಒತ್ತಿಕೊಂಡು ಬಂದು ಬಾಯಿ ಹಾಕಿತು. ಶಿವಣ್ಣ ಏಳಲು ಹೋದ.

"ಕೂತ್ಕೊ" ಎಂದೆ. "ಅದು ತಿಂದು ಒಳಕ್ಕೋಗ್ಲಿ. ಆಮೇಲೆ ನೀನು."

ಅದು ತಿಂದಿತು, ಮೂತಿ ಒರೆಸಿಕೊಂಡಿತು, ಅವನ ಮೊಣಕಾಲು ಬಳಸಿಕೊಂಡು ಹುಳದ ಮನೆಗೆ ಹೋಯಿತು. ನಾನು, ಹುಳಕ್ಕೆ ಸೋಂಕು ತಾಗದಿರಲೆಂದು ಬಾಗಿಲಲ್ಲಿ ಇಟ್ಟಿರುವ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಅದರ ಹಿಂದೆ ಸೊಪ್ಪು ಹಾಕಲು ಹೋದೆ.